ಶಟ್‌ಡೌನಿನ ನಡುವೆ ಹತ್ತನೆಯವನ ರಜೆ

೨೦೨೨ರ ನವೆಂಬರ್. ಸೌದಿ ಅರೇಬಿಯಾದ ಜುಬೈಲ್ ಕೈಗಾರಿಕಾ ನಗರದ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ನಾನು ಶಟ್‌ಡೌನ್ ಪ್ಲಾನಿಂಗ್ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಮುಂಚಿನ ನನ್ನ ಕೊನೆಯ ದೊಡ್ಡ ಶಟ್‌ಡೌನ್ ಅದು. ಹೇಗಾದರೂ ಗೌರವದಿಂದ ಮುಗಿಸಿ ಊರಿಗೆ ಹೋಗಬೇಕೆಂದು ಹಟ ಹಿಡಿದು ಕುಳಿತಿದ್ದೆ. ಆ ಹಟಕ್ಕೆ ಅಡ್ಡ ಬಂದವರು ಒಬ್ಬ ಇಂಗ್ಲಿಷ್ ಎಂಜಿನಿಯರ್. ಅವರ ಹೆಸರನ್ನು ಇಲ್ಲಿ ಲೆನರ್ಡ್ ಎಂದು ಬದಲಿಸಿದ್ದೇನೆ. ಈಗ ಅವರೂ ನಿವೃತ್ತರು. ಬರೆಯಲೇ ಎಂದು ಕೇಳಿದಾಗ, "ಬರೆಯಿರಿ, ಊರಿನ ಹೆಸರು ಮಾತ್ರ ಬೇಡ. ಅಲ್ಲಿ ನಾವು ಎಷ್ಟು ಕಡಿಮೆ ಎಂದರೆ, ಊರು ಹೇಳಿದರೆ ಹೆಸರೂ ಹೇಳಿದ ಹಾಗೆ" ಎಂದರು.

ಶಟ್‌ಡೌನ್ ಎಂದರೆ ಇಡೀ ಘಟಕವನ್ನು ನಿಲ್ಲಿಸಿ, ತೆರೆದು, ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಓಡಿಸುವುದು. ವರ್ಷಗಟ್ಟಲೆ ಬಿಡುವಿಲ್ಲದೆ ಓಡುವ ಯಂತ್ರಗಳಿಗೆ ಕೆಲವು ವಾರಗಳ ವಿಶ್ರಾಂತಿ. ನಮಗೆ ಮಾತ್ರ ಅದೇ ವಾರಗಳಲ್ಲಿ ಊಟ ನಿದ್ರೆ ಯಾವುದೂ ಇಲ್ಲ. ಸಾವಿರಾರು ಕೆಲಸಗಳಲ್ಲಿ ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಅತಿ ಉದ್ದದ ಸರಪಳಿಗೆ ನಾವು ಕ್ರಿಟಿಕಲ್ ಪಾತ್ ಎನ್ನುತ್ತೇವೆ. ಅದರಲ್ಲಿ ಒಂದು ಕೊಂಡಿ ತಡವಾದರೆ ಇಡೀ ಕಾರ್ಖಾನೆಯೇ ತಡ. ಉಳಿದ ಕೆಲಸಗಳಲ್ಲಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ.

ಆ ಸಲ ಕ್ರಿಟಿಕಲ್ ಪಾತ್‌ನ ಮೇಲೆ ಕುಳಿತದ್ದು ಒಂದು ದೊಡ್ಡ ಗ್ಯಾಸ್ ಕಂಪ್ರೆಸರ್. ಅದನ್ನು ತಯಾರಿಸಿದ ಕಂಪನಿಯ ಕಡೆಯಿಂದ ಬಂದ ತಜ್ಞರೇ ಲೆನರ್ಡ್. ಮೋಟರಿನ ಶಾಫ್ಟೂ ಕಂಪ್ರೆಸರಿನ ಶಾಫ್ಟೂ ಕೂದಲೆಳೆಯಷ್ಟೂ ಓರೆಯಾಗದೆ ಒಂದೇ ಗೆರೆಯಲ್ಲಿ ನಿಲ್ಲಬೇಕು. ಅದನ್ನು ಅಲೈನ್‌ಮೆಂಟ್ ಎನ್ನುತ್ತಾರೆ. ಲೆನರ್ಡ್ ಅಳೆದು ಸಹಿ ಹಾಕದೆ ಯಾರೂ ಆ ಯಂತ್ರದ ಗುಂಡಿ ಒತ್ತುವಂತಿಲ್ಲ. ಎತ್ತರದ ಮನುಷ್ಯ, ಅರವತ್ತು ದಾಟಿದ ಮೇಲೂ ಏಣಿಯನ್ನು ಹುಡುಗರಂತೆ ಹತ್ತುತ್ತಿದ್ದರು. ಮಾತು ಕಡಿಮೆ. ಕ್ಯಾಂಟೀನಿನಲ್ಲಿ ಮೀನು ಇದ್ದ ದಿನ ಮಾತ್ರ ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಅದರಿಂದಲೇ ನಮ್ಮ ಸ್ನೇಹ ಬೆಳೆದದ್ದು. ನಾನು ಮಲ್ಪೆಯ ಮೀನುಗಾರರ ಮನೆಯವನು. ಮೀನು ತಿನ್ನುವವರನ್ನು ಕಂಡರೆ ನನಗೆ ವಿನಾಕಾರಣ ನಂಬಿಕೆ.

ಘಟಕ ನಿಲ್ಲಿಸಿದ ಮೊದಲ ವಾರದಲ್ಲೇ ಅವರು ನನ್ನ ಪೋರ್ಟಾಕ್ಯಾಬಿನ್ ಆಫೀಸಿಗೆ ಬಂದು, ತಿಂಗಳ ಕೊನೆಯ ಗುರುವಾರ ಸಂಜೆ ತಮ್ಮನ್ನು ಬಿಡಬೇಕು ಎಂದರು. ಭಾನುವಾರ ಊರಿನಲ್ಲಿ ಒಂದು ಪ್ರಾರ್ಥನೆ ಇದೆಯಂತೆ. ನಾನು ಗೋಡೆಯ ಚಾರ್ಟು ನೋಡಿದೆ. ಕಂಪ್ರೆಸರಿನ ಮೊದಲ ಓಟ ಇದ್ದದ್ದು ಅದೇ ಭಾನುವಾರ.

"ಮಿಸ್ಟರ್ ಲೆನರ್ಡ್, ಪ್ರಾರ್ಥನೆ ಮುಂದಿನ ಭಾನುವಾರ ಇಟ್ಟುಕೊಳ್ಳಲಿ. ಇಲ್ಲವಾದರೆ ನೀವು ಶನಿವಾರ ಹೋಗಿ."

"ಮುಂದಿನ ಭಾನುವಾರಕ್ಕೆ ಆ ಕಟ್ಟಡ ನಮ್ಮದಾಗಿರುವುದಿಲ್ಲ. ಶನಿವಾರ ನಾವು ಪ್ರಯಾಣ ಮಾಡುವುದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲ, ಜನ ಮಗಳ ಮದುವೆ ಬಿಟ್ಟು ಶಟ್‌ಡೌನಿಗೆ ಬಂದು ನಿಂತಿದ್ದಾರೆ, ಇವರದ್ದೇನು ಶನಿವಾರ ಆಗುವುದಿಲ್ಲ, ಭಾನುವಾರವೇ ಬೇಕು ಎಂಬ ದರ್ಬಾರು! ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವರು ಬಾಗಿಲು ಮುಚ್ಚಿ ಬಂದು ಕುರ್ಚಿ ಎಳೆದು ಕುಳಿತರು. "ಕೋಟ್ಯಾನ್, ಈ ದೇಶಕ್ಕೆ ಬಂದ ಇಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ನಾನು ಯಹೂದಿ" ಎಂದರು.

ನಾನು ಅಲ್ಲಿಯವರೆಗೆ ಯಹೂದಿಗಳ ಬಗ್ಗೆ ಟಿವಿಯಲ್ಲಿ ಯುದ್ಧ ನಡೆದಾಗ ಕೇಳಿದ್ದಷ್ಟೇ. ಇಂಗ್ಲೆಂಡಿನ ಮೀನುಗಾರಿಕೆಯ ಪಟ್ಟಣವೊಂದರಲ್ಲಿ ಯಹೂದಿಗಳು ಇರಬಹುದೆಂದು ಯಾರಿಗೆ ಹೊಳೆಯುತ್ತದೆ? ಚಹಾ ತರಿಸಿದೆ. ಅವರು ಹೇಳುತ್ತಾ ಹೋದರು.

ಅವರ ಊರು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿದೆ. ಲೆನರ್ಡರ ಅಜ್ಜ ಲಿಥುವೇನಿಯಾದ ಕಡೆಯಿಂದ ಯುವಕನಾಗಿ ಬಂದು ಬಂದರಿನಲ್ಲಿ ಇಳಿದವರು. ಅಲ್ಲಿ ಹೆರಿಂಗ್ ಎಂಬ ಮೀನು ರಾಶಿ ರಾಶಿ. ನಮ್ಮ ಬೂತಾಯಿಯ ಹಾಗೆ, ಬಂದರೆ ಬಂತು, ದಡ ತುಂಬಾ. ಅಜ್ಜ ಅದನ್ನು ಕೊಂಡು ಮರದ ಪೀಪಾಯಿಗಳಲ್ಲಿ ಉಪ್ಪು ಹಾಕಿ, ತಾನು ಬಿಟ್ಟು ಬಂದ ದೇಶದ ಕಡೆಗೇ ಹಡಗಿನಲ್ಲಿ ಕಳಿಸುತ್ತಿದ್ದರಂತೆ. ಹಿಂದೆಯೇ ಇನ್ನೂ ಕೆಲವು ಕುಟುಂಬಗಳು ಬಂದವು. ಮೀನುಗಾರರಿಗೆ ಎಣ್ಣೆಬಟ್ಟೆಯ ಅಂಗಿ ಹೊಲಿಯುವ ದರ್ಜಿಗಳು, ಒಬ್ಬ ಗಡಿಯಾರ ರಿಪೇರಿಯವನು, ಬೇಸಿಗೆಯ ಪ್ರವಾಸಿಗಳಿಗೆ ಯಹೂದಿ ಪದ್ಧತಿಯ ಅಡುಗೆ ಮಾಡಿ ಬಡಿಸುವ ಒಬ್ಬ ವಿಧವೆ. ಎಲ್ಲರೂ ಸೇರಿ ಬಂದರಿನ ಹಿಂದಿನ ಓಣಿಯಲ್ಲಿ ಬಲೆ ಒಣಗಿಸುವ ಹಳೆಯ ಮಾಳಿಗೆಯೊಂದನ್ನು ಕೊಂಡು ಸಿನಗಾಗ್ ಮಾಡಿಕೊಂಡರು. ಸಿನಗಾಗ್ ಎಂದರೆ ಅವರ ಪ್ರಾರ್ಥನಾ ಮಂದಿರ. ಸೆಕೆಯ ದಿನಗಳಲ್ಲಿ ಅದರ ಹಲಗೆಗಳಿಂದ ಹಿಂದೆ ಬಲೆಗಳಿಗೆ ಬಳಿದಿದ್ದ ಡಾಂಬರಿನ ವಾಸನೆ ಏಳುತ್ತಿತ್ತಂತೆ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವವರೆಗೆ ಅವರಿಗೆ ಪವಿತ್ರ ವಿಶ್ರಾಂತಿಯ ದಿನ; ಪ್ರಯಾಣ ಮಾಡುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ. ಆ ಓಣಿಯ ಕ್ರಿಶ್ಚಿಯನ್ ಬಡಗಿಯೊಬ್ಬ ಚಳಿಗಾಲದುದ್ದಕ್ಕೂ ತಾನಾಗಿ ಬಂದು ಒಲೆ ಹೊತ್ತಿಸಿ ಹೋಗುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಬಂದರಿನ ಮೇಲೆ ಬಾಂಬು ಬಿದ್ದು ಕಿಟಕಿಯ ಗಾಜುಗಳೆಲ್ಲ ಒಡೆದಾಗ ಹಲಗೆ ಬಡಿದು ಮುಚ್ಚಿದವನೂ ಅವನೇ.

ಆಮೇಲೆ ಮೀನು ಕಡಿಮೆಯಾಯಿತು, ದೋಣಿ ಕಡಿಮೆಯಾಯಿತು. ಮಕ್ಕಳು ಓದಿದರು, ಮದುವೆಗೆ ತಮ್ಮವರು ಬೇಕೆಂದು ದೊಡ್ಡ ನಗರಗಳಿಗೆ ಹೋದರು. ಅವರ ಪದ್ಧತಿಯಂತೆ ಮಾಂಸ ಕಡಿಯುವ ಅಂಗಡಿ ಮುಚ್ಚಿತು, ವಾರಕ್ಕೊಮ್ಮೆ ಬಸ್ಸಿನಲ್ಲಿ ಮಾಂಸದ ಪೊಟ್ಟಣ ಬರತೊಡಗಿತು. ರಬ್ಬಿ ಎಂದರೆ ಅವರ ಧರ್ಮಗುರು, ಅವರೂ ವರ್ಗವಾಗಿ ಹೋದ ಮೇಲೆ ಬೇರೆಯವರು ಬರಲಿಲ್ಲ. ಉಳಿದದ್ದು ಮುದುಕರು ಮತ್ತು ಲೆನರ್ಡರ ತಂದೆಯ ಕೈಯಲ್ಲಿದ್ದ ಬೀಗದ ಕೈ.

ಇಲ್ಲಿಯೇ ಹತ್ತರ ವಿಷಯ ಬರುವುದು. ಅವರ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಪ್ರಾಯಕ್ಕೆ ಬಂದ ಹತ್ತು ಗಂಡಸರು ಇರಲೇಬೇಕು. ಅದಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತು ಜನ ಇದ್ದರೆ ಒಬ್ಬೊಬ್ಬರೇ ತಮ್ಮಷ್ಟಕ್ಕೆ ಪ್ರಾರ್ಥಿಸಬಹುದು. ಆದರೆ ತೀರಿಹೋದ ತಂದೆತಾಯಿಗಾಗಿ ಮಗ ಹೇಳುವ ಕದ್ದಿಶ್ ಎಂಬ ಪ್ರಾರ್ಥನೆಯನ್ನು ಹೇಳುವಂತಿಲ್ಲ. ಅದರಲ್ಲಿ ಸಾವಿನ ಮಾತೇ ಇಲ್ಲ, ಬರೀ ದೇವರ ಸ್ತುತಿ; ಒಬ್ಬ ಹೇಳಬೇಕು, ಉಳಿದವರು ಆಮೆನ್ ಎನ್ನಬೇಕು. ಲೆನರ್ಡರ ತಂದೆಯ ಜೀವಮಾನವೆಲ್ಲ ಈ ಹತ್ತು ಜನರನ್ನು ಸೇರಿಸುವುದರಲ್ಲೇ ಕಳೆಯಿತು. ಬೇಸಿಗೆಯಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು, ಇಳಿಯುವ ಪ್ರವಾಸಿಗಳ ಮುಖ ನೋಡಿ, "ಕ್ಷಮಿಸಿ, ನೀವು ನಮ್ಮವರಾ? ಅರ್ಧ ಗಂಟೆ ಬಿಡುವು ಇದೆಯಾ?" ಎಂದು ಕೇಳುತ್ತಿದ್ದರಂತೆ. ಯಾರದೋ ತಂದೆ ಸತ್ತಾಗ, ಯಾರದೋ ತಾಯಿ ಸತ್ತಾಗ, ಅವರು ಹೇಗಾದರೂ ಹತ್ತನೆಯವನನ್ನು ಹಿಡಿದು ತರುತ್ತಿದ್ದರು.

"ಅಪ್ಪ ಕೊರೋನಾದ ಮೊದಲ ಅಲೆಯಲ್ಲಿ ಹೋದರು" ಎಂದರು ಲೆನರ್ಡ್. "ನಾನು ಇಲ್ಲಿ, ವಿಮಾನ ಇಲ್ಲ. ಅಲ್ಲಿ ಮುದುಕರೆಲ್ಲ ಮನೆಯೊಳಗೆ ಬಂದಿ. ಮಣ್ಣು ಮಾಡುವಾಗ ಹತ್ತು ಜನ ಸೇರಲಿಲ್ಲ. ಎಲ್ಲರಿಗೂ ಹತ್ತು ಜನರನ್ನು ಹೊಂದಿಸಿಕೊಟ್ಟವರಿಗೆ ಹತ್ತು ಜನ ಸಿಗಲಿಲ್ಲ."

ಈಗ ಮಂದಿರ ಮಾರಾಟವಾಗಿತ್ತು. ಆ ಭಾನುವಾರ ಕೊನೆಯ ಪ್ರಾರ್ಥನೆ ಮಾಡಿ, ಧರ್ಮಗ್ರಂಥದ ಸುರುಳಿಗಳನ್ನು ಬೇರೆ ನಗರದ ಮಂದಿರಕ್ಕೆ ಒಪ್ಪಿಸಿ ಬೀಗ ಹಾಕುವುದೆಂದು ನಿಶ್ಚಯ. ಸುತ್ತಲಿನ ಊರುಗಳಲ್ಲಿ ಉಳಿದವರನ್ನೆಲ್ಲ ಕೂಡಿಸಿದರೂ ಒಂಬತ್ತು ಜನ. ಲೆನರ್ಡ್ ಹೋದರೆ ಹತ್ತು. ಅಪ್ಪ ಕಾದು ಕಾಪಾಡಿದ ಆ ಮಾಳಿಗೆಯಲ್ಲಿ, ಅಪ್ಪನ ಹೆಸರಿನಲ್ಲಿ ಒಂದು ಸಲ ಕದ್ದಿಶ್ ಹೇಳಬೇಕು. ಇಷ್ಟೇ ಅವರ ಆಸೆ. ಹೇಳುವಾಗ ಕಣ್ಣು ಒದ್ದೆಯಾಗಿತ್ತು.

ಆದರೆ ಪ್ಲಾನರ್‌ನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಒಬ್ಬ ಇಲ್ಲವೆಂದರೆ ಅವನ ಜಾಗಕ್ಕೆ ಇನ್ನೊಬ್ಬ. ಅದರ ಮೇಲೆ ನನ್ನದು ರಂಪಣಿಯ ಮನೆತನ. ಕಡಲಿಗೆ ಅರ್ಧಚಂದ್ರದ ಹಾಗೆ ದೊಡ್ಡ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಊರೇ ಎಳೆಯುವುದು ರಂಪಣಿ. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಾಕಿದರೂ ಅವನು ಲೆಕ್ಕಕ್ಕೆ ಬಂದ. ಅವನ ಪಾಲಿನ ಮೀನು ಅವನಿಗೆ. ಜಾತಿ ಯಾವುದು, ಊರು ಯಾವುದು ಎಂದು ಆ ಹೊತ್ತಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದೇ ಲೆಕ್ಕ ನನ್ನ ತಲೆಯಲ್ಲಿ. ನನ್ನ ಹೆಂಡತಿಯ ತಮ್ಮ ಸುರೇಶ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ನರ್ಸ್. ಲೆನರ್ಡರ ಊರಿಗೆ ಅವನ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಲೆನರ್ಡ್ ಹೇಳಬಾರದೆಂದ ಗುಟ್ಟು ಈ ದೇಶದೊಳಗಿನದು, ಅಲ್ಲಿಯವನಿಗೆ ಹೇಳಿದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಫೋನ್ ಮಾಡಿದೆ.

"ಎಷ್ಟು ಜನ ಬೇಕು ಭಾವ?" ಎಂದ. ಇಂಥ ಕೆಲಸಕ್ಕೆ ನಮ್ಮವರು ಏಕೆ ಎಂದು ಕೇಳುವುದಿಲ್ಲ, ಎಷ್ಟು ಎಂದು ಕೇಳುತ್ತಾರೆ.

"ಒಬ್ಬ ಸಾಕು. ಯಾವುದಕ್ಕೂ ಮೂರು ಜನ ಹೋಗಿ. ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿ, ತಲೆಗೆ ಟೊಪ್ಪಿ ಇಟ್ಕೊಳ್ಳಿ. ಅವ್ರು ನಿಂತಾಗ ನಿಲ್ಲಿ, ಕೂತಾಗ ಕೂರಿ. ಮಧ್ಯದಲ್ಲಿ ಆಮೆನ್ ಅಂದ್ರಾಯ್ತು."

"ಆಯ್ತು. ಇಲ್ಲೇ ನನ್ನ ಜೊತೆ ಇರುವ ಕುಂದಾಪುರದ ಗಣೇಶ, ಬೆಳ್ಮಣ್ಣಿನ ರೋಶನ್ ಇಬ್ರನ್ನೂ ಕರ್ಕೊಂಡು ಹೋಗ್ತೇನೆ. ರೋಶನ್‌ಗೆ ಆಮೆನ್ ಹೇಳಿ ಅಭ್ಯಾಸ ಉಂಟು."

ಮರುದಿನ ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಕಂಪ್ರೆಸರಿನ ಬಳಿ ಹೋಗಿ, "ನಿಮ್ಮ ಸಮಸ್ಯೆ ಮುಗಿಯಿತು. ನಿಮ್ಮ ಬದಲಿಗೆ ಮೂರು ಜನ ರೆಡಿ. ಹತ್ತಲ್ಲ, ಹನ್ನೆರಡು ಆಗುತ್ತದೆ" ಎಂದೆ. ಲೆನರ್ಡ್ ಸ್ಪ್ಯಾನರ್ ಕೆಳಗಿಟ್ಟರು. ಒಂದು ಕ್ಷಣ ನನ್ನ ಮುಖ ನೋಡಿ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಹೆಲ್ಮೆಟ್ ತೆಗೆದು, ಪೈಪಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಆ ಹತ್ತು ಜನರೂ ಯಹೂದಿಗಳೇ ಆಗಿರಬೇಕು, ಬೇರೆಯವರು ನೂರು ಜನ ಬಂದರೂ ಲೆಕ್ಕಕ್ಕೆ ಸೇರುವುದಿಲ್ಲ ಎಂದು ವಿವರಿಸಿದರು. ನನಗೆ ಅವಮಾನವಾದಂತಾಯಿತು. "ಹಾಗಾದರೆ ಅವರಿಗೆ ಹೋಗಬೇಡಿ ಎನ್ನುತ್ತೇನೆ" ಎಂದೆ. "ಬೇಡ ಎನ್ನಬೇಡಿ. ಬರಲಿ. ಅಪ್ಪನಿಗೆ ಮಂದಿರ ತುಂಬಿದರೆ ಖುಷಿ" ಎಂದರು.

ಬದಲಿ ಇಲ್ಲವೆಂದ ಮೇಲೆ ಉಳಿದದ್ದು ಒಂದೇ ದಾರಿ, ಕೆಲಸವನ್ನೇ ಹಿಂದೆಮುಂದೆ ಮಾಡುವುದು. ಅಲೈನ್‌ಮೆಂಟಿಗೆ ಲೆನರ್ಡೇ ಬೇಕು. ಮೊದಲ ಓಟಕ್ಕೆ ಅವರ ಕಂಪನಿಯ ಇನ್ನೊಬ್ಬ ಎಂಜಿನಿಯರ್ ನಿಂತರೂ ಆದೀತು. ಆತ ಸೌದಿಯಲ್ಲೇ ಅಬ್ಕೈಕ್ ಎಂಬ ಊರಿನಲ್ಲಿ ಬೇರೊಂದು ಕೆಲಸದಲ್ಲಿದ್ದ, ಶನಿವಾರ ಬಿಡುವಾಗುತ್ತಿದ್ದ. ಅಂದರೆ ಗುರುವಾರ ಸಂಜೆಯೊಳಗೆ ಅಲೈನ್‌ಮೆಂಟ್ ಮುಗಿಯಬೇಕು. ಅದಕ್ಕೆ ಮೊದಲು ಕಂಪ್ರೆಸರಿಗೆ ಸೇರುವ ದಪ್ಪ ಪೈಪನ್ನು ಕೂರಿಸಿ ಬೋಲ್ಟು ಬಿಗಿದಿರಬೇಕು, ಏಕೆಂದರೆ ಪೈಪಿನ ಎಳೆತಕ್ಕೆ ಯಂತ್ರ ಸ್ವಲ್ಪ ಸರಿಯುತ್ತದೆ. ಆ ಪೈಪಿನ ತುಂಡು ವರ್ಕ್‌ಶಾಪಿನಿಂದ ಇನ್ನೂ ಬಂದಿರಲಿಲ್ಲ.

ಪ್ಲಾನ್ ಬದಲಿಸಲು ಶಟ್‌ಡೌನ್ ಮ್ಯಾನೇಜರರ ಒಪ್ಪಿಗೆ ಬೇಕು. ಅವರು ಸೌದಿಯವರು, ಖಾಲಿದ್ ಎಂದಿಟ್ಟುಕೊಳ್ಳಿ. ಅಮೆರಿಕದಲ್ಲಿ ಓದಿ ಬಂದವರು, ಒಂದು ಮಾತು ಹೆಚ್ಚು ಆಡಿದರೆ ಗಡಿಯಾರ ನೋಡುವವರು. ನನಗೆ ಉಭಯಸಂಕಟ. ಗುಟ್ಟು ನನ್ನದಲ್ಲ, ಹೇಳುವಂತಿಲ್ಲ. ಹೇಳದೆ ಕೇಳಿದರೆ ಇವರು ಒಪ್ಪುವುದಿಲ್ಲ. ಕೊನೆಗೆ ಲೆನರ್ಡರ ಊರಿನ ಹಳೆಯ ಪ್ರಾರ್ಥನಾ ಮಂದಿರ ಮುಚ್ಚುತ್ತಿದೆ, ಕೊನೆಯ ಪ್ರಾರ್ಥನೆಗೆ ಹತ್ತು ಜನ ಬೇಕು, ಒಂಬತ್ತೇ ಇದ್ದಾರೆ, ಸತ್ತ ತಂದೆಯ ಸಲುವಾಗಿ, ಇಷ್ಟು ಹೇಳಿ ಬಾಯಿ ಮುಚ್ಚಿದೆ.

ಖಾಲಿದ್ ಪೆನ್ನು ಕೆಳಗಿಟ್ಟರು. "ಹತ್ತು ಜನವಾ?"

"ಹೌದು."

"ಚರ್ಚಿಗೆ ಹತ್ತು ಜನ ಬೇಕೆಂದು ನಾನು ಕೇಳಿಲ್ಲ."

ಮಾತು ಜಾರಿತೆಂದು ನನಗೆ ಆಗ ಹೊಳೆಯಿತು. ಅವರು ಕಿಟಕಿಯ ಕಡೆ ತಿರುಗಿದರು. "ನೀನು ನನಗೆ ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ತಂದೆಗಾಗಿ ಪ್ರಾರ್ಥನೆ ಮಾಡುತ್ತೇನೆ ಎನ್ನುವವನನ್ನು ನಾನು ತಡೆಯುವುದಿಲ್ಲ. ಆದರೆ ಕೋಟ್ಯಾನ್, ನನ್ನ ಕಂಪ್ರೆಸರ್ ಭಾನುವಾರವೇ ಓಡಬೇಕು. ಯಲ್ಲಾ, ನಡಿ, ಪ್ಲಾನ್ ತೋರಿಸು" ಎಂದರು.

ಪೈಪು ಸೋಮವಾರ ಸಂಜೆ ಬಂತು. ಅದನ್ನು ಎತ್ತಿ ಕೂರಿಸಲು ದೊಡ್ಡ ಕ್ರೇನ್ ಬೇಕು. ಇದ್ದ ಒಂದನ್ನು ಆಚೆ ಬದಿಯ ಕೆಲಸಕ್ಕೆ ವಾರವಿಡೀ ಬರೆದುಕೊಟ್ಟವನು ನಾನೇ. ಕ್ರೇನಿನ ಕಂಟ್ರಾಕ್ಟರ್ ಭಟ್ಕಳದ ಇಸ್ಮಾಯಿಲ್ ಸಾಹೇಬರು. ತಂದೆಯ ಕಾಲದಿಂದ ಗಲ್ಫಿನಲ್ಲಿ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಇನ್ನೊಂದು ಕ್ರೇನನ್ನು ಬೇರೆಯವರ ಸೈಟಿನಿಂದ ತಂದುಕೊಡಿ ಎಂದು ಅವರ ಬೆನ್ನು ಹತ್ತಿದೆ.

"ಎಂತ ಮಾರಾಯ್ರೆ, ಕ್ರೇನ್ ಅಂದ್ರೆ ಸೈಕಲ್ಲಾ? ಕೇಳಿದ ಕೂಡ್ಲೆ ತರ್ಲಿಕ್ಕೆ?"

ಖಾಲಿದರಿಗೆ ಹೇಳಿದಷ್ಟನ್ನೇ ಅವರಿಗೂ ಹೇಳಿದೆ. ಅವರ ಮುಖದ ಗಂಟು ಸಡಿಲವಾಯಿತು. "ಹತ್ತು ಜನಕ್ಕೆ ಇಷ್ಟು ಒದ್ದಾಟವಾ? ನಮ್ದು ಶಾಫಿ ಪದ್ಧತಿ, ಜುಮ್ಮಾ ನಮಾಜಿಗೆ ನಲ್ವತ್ತು ಜನ ಬೇಕು, ಗೊತ್ತುಂಟಾ? ನನ್ನ ಅಜ್ಜ ಸಣ್ಣ ಊರಲ್ಲಿ ಅಂಗಡಿ ಇಟ್ಟಿದ್ರು. ನಲ್ವತ್ತು ಆಗ್ಲಿಲ್ಲ ಅಂತ ಶುಕ್ರವಾರ ಅಂಗಡಿ ಮುಚ್ಚಿ ದೂರದ ಊರಿಗೆ ನಡ್ಕೊಂಡೇ ಹೋಗ್ತಿದ್ರು. ಒಬ್ಬ ಕಡಿಮೆ ಆದ್ರೆ ಹೇಗಿರ್ತದೆ ಅಂತ ನಂಗೆ ನೀವು ಹೇಳ್ಬೇಡಿ. ನಾಳೆ ಮಧ್ಯಾಹ್ನ ಕ್ರೇನ್ ಬರ್ತದೆ, ಹೋಗಿ ನಿಮ್ಮ ಕೆಲ್ಸ ನೋಡಿ" ಎಂದರು. ಯಾವ ಧರ್ಮದ ಪ್ರಾರ್ಥನೆ ಎಂದು ಅವರು ಕೇಳಲೇ ಇಲ್ಲ.

ಕ್ರೇನ್ ಹೇಳಿದಂತೆ ಮಂಗಳವಾರ ಮಧ್ಯಾಹ್ನ ಬಂತು. ಆದರೆ ಅದೇ ಮಧ್ಯಾಹ್ನ ಪಕ್ಕದ ಕತಾರ್‌ನಲ್ಲಿ ವಿಶ್ವಕಪ್ ಫುಟ್‌ಬಾಲಿನಲ್ಲಿ ಸೌದಿಗೂ ಅರ್ಜೆಂಟೀನಾಕ್ಕೂ ಪಂದ್ಯ. ಭಾರ ಎತ್ತುವ ಮೊದಲು ಕಾರ್ಖಾನೆಯ ಕಡೆಯವರೊಬ್ಬರು ಪರ್ಮಿಟ್ಟಿಗೆ ಸಹಿ ಹಾಕಬೇಕು. ಸಹಿ ಹಾಕುವವರೆಲ್ಲ ಟಿವಿಯ ಎದುರು. ಸೋಲುತ್ತಾರೆ, ಬೇಗ ಎದ್ದು ಬರುತ್ತಾರೆ ಎಂದು ನಾನು ಕಾದೆ. ಗೆದ್ದೇ ಬಿಟ್ಟರು! ಹಾರ್ನು, ಕೇಕೆ, ಹಸಿರು ಬಾವುಟ; ಬೀದಿಯೆಲ್ಲ ಮದುವೆ ಮನೆ. ಸಂಜೆಗೆ ಅರಮನೆಯಿಂದ ಆದೇಶ ಬಂತು, ಬುಧವಾರ ಇಡೀ ದೇಶಕ್ಕೆ ರಜೆ. ಜುಬೈಲಿನಲ್ಲಿ ಆ ಗೆಲುವಿಗೆ ತಲೆಯ ಮೇಲೆ ಕೈಹೊತ್ತು ಕುಳಿತವನು ನಾನೊಬ್ಬನೇ ಇರಬೇಕು. ಶಟ್‌ಡೌನಿಗೆ ರಜೆ ಇಲ್ಲ, ನಿಜ. ಆದರೆ ಅಂಥ ದಿನ ದೊಡ್ಡ ಕ್ರೇನಿನ ಪರ್ಮಿಟ್ಟಿಗೆ ಸಹಿ ಹಾಕುವ ಅಧಿಕಾರ ಇದ್ದ ಯಾರೂ ಬರುವುದಿಲ್ಲ.

ಬುಧವಾರ ಬೆಳಿಗ್ಗೆ ಲೆನರ್ಡ್ ಕಂಪ್ರೆಸರಿನ ಬಳಿ ಲೇಸರ್ ಉಪಕರಣದ ಪೆಟ್ಟಿಗೆಯ ಮೇಲೆ ಕುಳಿತಿದ್ದರು. "ಇರಲಿ ಕೋಟ್ಯಾನ್. ನೀವು ಮಾಡಬೇಕಾದದ್ದನ್ನು ಮಾಡಿದಿರಿ" ಎಂದರು. ಸಮಾಧಾನ ನಾನು ಹೇಳಬೇಕಿತ್ತು, ಅವರೇ ಹೇಳಿದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ಖಾಲಿದರ ಕಾರು ಬಂತು. ಬಿಳಿ ಥೋಬ್ ನಿಲುವಂಗಿಯ ಮೇಲೆ ಸುರಕ್ಷತಾ ಜಾಕೆಟ್, ಕುತ್ತಿಗೆಗೆ ಇನ್ನೂ ಹಿಂದಿನ ದಿನದ ಹಸಿರು ಶಾಲು. ಅವರು ಮೊದಲು ಆಪರೇಷನ್ ವಿಭಾಗದಲ್ಲಿದ್ದವರು. ಸಹಿಯ ಅಧಿಕಾರದ ಕಾರ್ಡನ್ನು ಪ್ರತಿ ವರ್ಷ ಪರೀಕ್ಷೆ ಬರೆದು ನವೀಕರಿಸಿಕೊಳ್ಳುತ್ತಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ. ಕ್ರೇನಿನ ಸುತ್ತ ನಡೆದು, ಪಟ್ಟಿ, ಕೊಕ್ಕೆ, ಗಾಳಿಯ ವೇಗ ಎಲ್ಲ ತಾವೇ ಪರೀಕ್ಷಿಸಿ ಸಹಿ ಹಾಕಿದರು. ಪೈಪು ಕೂರುವವರೆಗೂ ಬಿಸಿಲಿನಲ್ಲಿ ನಿಂತರು. ಹೋಗುವಾಗ ಲೆನರ್ಡರ ಕೈ ಕುಲುಕಿ, "ನಿಮ್ಮ ತಂದೆಗೆ ದೇವರು ದಯೆ ತೋರಲಿ" ಎಂದರು. ಲೆನರ್ಡ್ ನನ್ನ ಕಡೆ ನೋಡಿದರು. ನಾನು ಏನೂ ಹೇಳಿಲ್ಲ ಎನ್ನುವಂತೆ ತಲೆಯಾಡಿಸಿದೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಅಲೈನ್‌ಮೆಂಟ್ ಮುಗಿಯಿತು. ಅವಸರದಲ್ಲೂ ಆ ಮನುಷ್ಯ ಒಂದು ಅಳತೆ ಬಿಡಲಿಲ್ಲ. ಒಮ್ಮೆ ಸರಿಬಂದದ್ದನ್ನು ಕಳಚಿ ಮತ್ತೆ ಅಳೆದರು. ನಾನು ಪಕ್ಕದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದೆ. ಸಂಜೆ ನಮ್ಮ ಡ್ರೈವರ್ ಅವರನ್ನು ಸೇತುವೆ ದಾಟಿಸಿ ಬಹ್ರೇನ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ಶುಕ್ರವಾರ ಸೂರ್ಯ ಮುಳುಗುವ ಮೊದಲು ಊರು ಸೇರಿದೆನೆಂದು ಸಂದೇಶ ಬಂತು. ಶನಿವಾರ ಅವರ ಫೋನ್ ಬಂದ್.

ಭಾನುವಾರ ಕಂಪ್ರೆಸರ್ ಓಡಿತು. ಅಬ್ಕೈಕ್‌ನಿಂದ ಬಂದ ಎಂಜಿನಿಯರ್ ಕಂಪನದ ಮೀಟರ್ ನೋಡಿ, "ಇಷ್ಟು ನಯವಾಗಿ ಓಡಿದ್ದು ನಾನು ನೋಡಿಲ್ಲ" ಎಂದ. ಖಾಲಿದ್ ನನಗೆ ಖರ್ಜೂರದ ಡಬ್ಬಿ ನೀಡಿದರು. ನನ್ನ ಮನಸ್ಸು ಮಾತ್ರ ಎಲ್ಲೋ ಇತ್ತು. ಅಲ್ಲಿ ಪ್ರಾರ್ಥನೆ ಮಧ್ಯಾಹ್ನದ ನಂತರ. ಕೊನೆಗೂ ಸುರೇಶನ ಫೋನ್ ಬಂತು.

"ಭಾವ, ಹತ್ತು ಆಗ್ಲಿಲ್ಲ ಮಾರಾಯ್ರೆ."

"ಎಂತ ಆಯ್ತು?"

"ಪೂರ್ತಿ ಕೇಳಿ. ಶುರುವಿಗೆ ಆಗ್ಲಿಲ್ಲ."

ಅವನು ಹೇಳಿದ್ದಿಷ್ಟು. ಮಾಳಿಗೆಯಲ್ಲಿ ಲೆನರ್ಡರೂ ಸೇರಿ ಒಂಬತ್ತು ಗಂಡಸರು, ಕೆಲವು ಹೆಂಗಸರು, ಹಿಂದಿನ ಬೆಂಚಿನಲ್ಲಿ ನಮ್ಮ ಮೂವರು. ಹತ್ತನೆಯವರು ಆ ಊರಿನ ಅತಿ ಹಿರಿಯ ಅಜ್ಜ, ವೃದ್ಧಾಶ್ರಮದಲ್ಲಿದ್ದವರು. ಅವರು ಬರಲಿಲ್ಲ. ಫೋನ್ ಮಾಡಿದರೆ, ಗಾಲಿಕುರ್ಚಿಯ ರೋಗಿಯನ್ನು ತರಬೇತಿ ಇದ್ದವರು ಜೊತೆಗಿಲ್ಲದೆ ಹೊರಗೆ ಕಳಿಸುವಂತಿಲ್ಲ, ಭಾನುವಾರ ನಮ್ಮಲ್ಲಿ ಜನ ಕಡಿಮೆ ಎಂಬ ಉತ್ತರ. ಹೊರಗೆ ಕತ್ತಲಾಗುತ್ತಾ ಬಂತು. ಕತ್ತಲಾದರೆ ಆ ಹೊತ್ತಿನ ಪ್ರಾರ್ಥನೆಯ ಸಮಯ ಮೀರುತ್ತದೆ. ಲೆನರ್ಡ್ ಪುಸ್ತಕ ಮುಚ್ಚಿ ಮೊಣಕಾಲ ಮೇಲಿಟ್ಟುಕೊಂಡು ಕುಳಿತುಬಿಟ್ಟಿದ್ದರು. ಆಗ ಸುರೇಶ ಎದ್ದು ನಿಂತು, "ಸರ್, ನಾನು ನರ್ಸ್. ನನ್ನ ಕಾರ್ಡ್ ನನ್ನ ಹತ್ತಿರ ಇದೆ. ಗಾಡಿ ಕೆಳಗಿದೆ" ಎಂದನಂತೆ.

ಲೆನರ್ಡರನ್ನು ಕೂರಿಸಿಕೊಂಡು ಮೂವರೂ ವೃದ್ಧಾಶ್ರಮಕ್ಕೆ ಹೋದರು. ಅಜ್ಜನ ಮಗಳು ಫೋನಿನಲ್ಲಿ ಒಪ್ಪಿಗೆ ಕೊಟ್ಟಳು. ಸುರೇಶ ಜವಾಬ್ದಾರಿ ಹೊತ್ತು ಸಹಿ ಹಾಕಿ, ಅಜ್ಜನ ರಕ್ತದೊತ್ತಡ ನೋಡಿ, ಕಂಬಳಿ ಸುತ್ತಿ ಕಾರಿಗೆ ಎತ್ತಿದ. ಮಾಳಿಗೆಯ ಮೆಟ್ಟಿಲು ಕಡಿದು. ಗಣೇಶನೂ ರೋಶನ್ನೂ ಕುರ್ಚಿಸಮೇತ ಹೊತ್ತು ಮೇಲೆ ತಂದರು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಪ್ರಾರ್ಥನೆ ನಡೆಸುವವರು ಜನರನ್ನು ಎಣಿಸಿದರು. ಅದೂ ಒಂದು ಸೋಜಿಗ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದು ಅವರಲ್ಲಿ ಸಲ್ಲದಂತೆ. ಹತ್ತು ಪದಗಳ ಒಂದು ದೇವರ ವಾಕ್ಯ ಇದೆ; ಒಬ್ಬೊಬ್ಬರನ್ನು ನೋಡುತ್ತಾ ಒಂದೊಂದು ಪದ ಹೇಳುತ್ತಾರೆ. ವಾಕ್ಯ ಪೂರ್ತಿಯಾದರೆ ಜನ ಪೂರ್ತಿ. ಆ ದಿನ ಕೊನೆಯ ಪದ ಅಜ್ಜನ ಪಾಲಿಗೆ ಬಂತು.

"ಲೆನರ್ಡ್ ಸರ್ ಅಪ್ಪನ ಹೆಸರಲ್ಲಿ ಅದನ್ನ ಹೇಳಿದ್ರು ಭಾವ. ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೆ ಅಷ್ಟು ದೊಡ್ಡ ಮನುಷ್ಯ ನಡುಗ್ತಾ ಇದ್ರು. ನಾವು ಮೂರೂ ಜನ ಅತ್ತುಬಿಟ್ಟೆವು."

ನಾನೂ ಅತ್ತೆ. ಕಂಟ್ರೋಲ್ ರೂಮಿನ ಹೊರಗೆ, ಹೆಲ್ಮೆಟ್ ಹಾಕಿಕೊಂಡೇ. ಆ ಕಡೆ ಹೋಗುತ್ತಿದ್ದ ಹುಡುಗರು ಊರಿನಲ್ಲಿ ಯಾರೋ ತೀರಿಕೊಂಡರೆಂದು ತಿಳಿದಿರಬೇಕು.

ಲೆನರ್ಡ್ ವಾರ ಬಿಟ್ಟು ಮರಳಿ ಬಂದರು. ಅಪ್ಪನ ಋಣ ತೀರಿತು ಎಂದರು. ನನಗೊಂದು ಸಣ್ಣ ಹೊಗೆಮೀನಿನ ಪೊಟ್ಟಣ, ಖಾಲಿದರಿಗೆ ಚಹಾಪುಡಿಯ ಡಬ್ಬಿ ತಂದಿದ್ದರು. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ಚಾರ್ಟಿನ ಕೊನೆಯ ಚೌಕಕ್ಕೆ ಹಸಿರು ಬಣ್ಣ ತುಂಬಿ, ಗೋಡೆಯಿಂದ ಇಳಿಸಿ ಸುತ್ತಿಟ್ಟೆ.

ಆದರೆ ಸುರೇಶ ಆ ದಿನದ್ದೊಂದು ಸಂಗತಿಯನ್ನು ಹೇಳಿರಲಿಲ್ಲ. ಮುಂದಿನ ವರ್ಷ ನಾನು ನಿವೃತ್ತನಾಗಿ ಊರಿಗೆ ಬಂದಾಗ ಅವನೂ ರಜೆಯಲ್ಲಿ ಬಂದಿದ್ದ. ಬಂದವನು ಭಾನುವಾರಕ್ಕೆ ಮೊದಲೇ ಹಿಂದಿರುಗಬೇಕೆಂದು ಗಡಿಬಿಡಿ ಮಾಡುತ್ತಿದ್ದ. ಭಾನುವಾರ ಅಂಥದ್ದೇನು ಎಂದು ಅವನ ಅಕ್ಕ ಗದರಿದ ಮೇಲೆ ಬಾಯಿಬಿಟ್ಟ. ಆ ಸಂಜೆ ಅಜ್ಜನನ್ನು ವೃದ್ಧಾಶ್ರಮದ ಹಾಸಿಗೆಯಲ್ಲಿ ಮಲಗಿಸಿ ಕಂಬಳಿ ಹೊದಿಸುವಾಗ, ಅಜ್ಜ ಅವನ ಕೈ ಹಿಡಿದುಕೊಂಡು, "ಮುಂದಿನ ವಾರವೂ ನೀನೇ ಬರುತ್ತೀಯಾ ಕರೆದುಕೊಂಡು ಹೋಗಲು?" ಎಂದು ಕೇಳಿದರಂತೆ. ಮಂದಿರಕ್ಕೆ ಬೀಗ ಬಿದ್ದದ್ದು ಅವರ ನೆನಪಿನಲ್ಲಿ ನಿಂತಿರಲಿಲ್ಲ.

"ಎಂತ ಹೇಳುದು ಭಾವ? ಬರ್ತೇನೆ ಅಜ್ಜ, ಅಂದೆ. ಅಂದ ಮೇಲೆ ಹೋಗ್ಬೇಕಲ್ಲ."

ಡ್ಯೂಟಿ ಇಲ್ಲದ ಭಾನುವಾರಗಳಲ್ಲೆಲ್ಲ ಒಂದು ಗಂಟೆ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದಾನೆ. ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಂದರಿನ ಹಿಂದಿನ ಆ ಓಣಿಯ ತನಕ ತಳ್ಳಿಕೊಂಡು ಹೋಗುತ್ತಾನೆ. ಮಂದಿರ ಯಾಕೆ ಮುಚ್ಚಿದೆ ಎಂದು ಅಜ್ಜ ಕೇಳುತ್ತಾರೆ. ಇನ್ನೂ ಜನ ಬಂದಿಲ್ಲ ಅಜ್ಜ, ಕಾಯುವಾ, ಎಂದು ಇವನು ಪಕ್ಕದ ಕಲ್ಲುಬೆಂಚಿನಲ್ಲಿ ಕೂರುತ್ತಾನೆ.

ಮೂವತ್ತು ವರ್ಷ ನಾನು ಜನರನ್ನು ಲೆಕ್ಕ ಹಾಕಿ ಕೆಲಸ ಮುಗಿಸಿದವನು. ಚೌಕ ತುಂಬಿತು ಎಂದರೆ ಕೆಲಸ ಮುಗಿಯಿತು ಎಂದೇ ನಂಬಿದ್ದವನು. ಈಗ ಕರಾವಳಿಯ ಕಾಲೇಜುಗಳಲ್ಲಿ ಪ್ಲಾನಿಂಗ್ ಬಗ್ಗೆ ಮಾತಾಡಲು ಕರೆದರೆ ಹುಡುಗರಿಗೆ ಕ್ರಿಟಿಕಲ್ ಪಾತ್ ಕಲಿಸುತ್ತೇನೆ, ಬದಲಿ ಜನರನ್ನು ಹೊಂದಿಸುವುದು ಹೇಗೆಂದು ಕಲಿಸುತ್ತೇನೆ. ಕೊನೆಗೆ ಸುರೇಶನ ಕಥೆ ಹೇಳುತ್ತೇನೆ. ಯಾವ ಲೆಕ್ಕಕ್ಕೂ ಸೇರದವನೊಬ್ಬ, ಕೆಲಸ ಮುಗಿದ ಮರುವಾರವೂ ಹೋಗಿ ಆ ಮುಚ್ಚಿದ ಬಾಗಿಲ ಎದುರು ಕುಳಿತ. ನನ್ನ ವೃತ್ತಿಯಲ್ಲಿ ನಾನು ಕಲಿಯದೆ ಉಳಿದ ಪಾಠವನ್ನು ನನಗೆ ಕಲಿಸಿದವನು ಅವನೇ.